ಸುಮಿತ್ರಕ್ಕನ ತಪ್ಪುಗಳು

ಅನ್ವಿತಾಳ ಕೂದಲನ್ನು ಮೂರು ಪಾಲು ಮಾಡಿ ಹಿಡಿದಾಗ, ನಡುವಿನ ಪಾಲು ತನ್ನ ಬೆರಳಲ್ಲಿ ಇದೆಯೋ ಇಲ್ಲವೋ ಸುಪ್ರೀತಾಳಿಗೆ ತಿಳಿಯಲಿಲ್ಲ. ಕಣ್ಣಿಗೇನೋ ಕಾಣುತ್ತಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಕೂದಲನ್ನು ಒತ್ತಿಕೊಂಡೇ ಇದ್ದವು. ಆದರೆ ಹಿಡಿದದ್ದು ಅವಳ ತನಕ ಬಂದು ಮುಟ್ಟುತ್ತಿರಲಿಲ್ಲ. ದಪ್ಪ ಕಂಬಳಿಯ ಆಚೆ ಬೇರೆ ಯಾರೋ ಹಿಡಿದುಕೊಂಡು ನಿಂತ ಹಾಗಿತ್ತು. ಅಕ್ಕನ ಮಗಳು ಯೂನಿಫಾರ್ಮ್ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಾ, "ಚಿಕ್ಕೀ, ವೇಗಂ. ಬಸ್ ವರುಂ," ಎಂದಳು. ತಿರುವನಂತಪುರದಲ್ಲೇ ಹುಟ್ಟಿದ ಮಗು ಅದು. ಕನ್ನಡದಲ್ಲಿ ಬೈದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ. ಸುಪ್ರೀತಾ ಬೇಗಬೇಗ ಹೆಣೆದಳು. ಹೆಣೆದದ್ದು ಕುತ್ತಿಗೆ ದಾಟುವಷ್ಟರಲ್ಲಿ ಬಿಚ್ಚಿಕೊಂಡು ಬೆನ್ನ ಮೇಲೆ ಹರಡಿತು. ಮತ್ತೆ ಶುರುಮಾಡಿದಾಗ ಮಣಿಕಟ್ಟಿನ ಒಳಗಿಂದ ಒಂದು ಚಳುಕು ಮೊಣಕೈವರೆಗೆ ಹತ್ತಿ ಅಲ್ಲೇ ನಿಂತಿತು. ಬಾಚಣಿಗೆ ಕೆಳಗೆ ಬಿತ್ತು. ಅಡುಗೆಮನೆಯಿಂದ ಬಂದ ಅಕ್ಕ ನಿರ್ಮಲ ಒದ್ದೆ ಕೈಯನ್ನು ನೈಟಿಗೆ ಒರೆಸಿಕೊಂಡು, "ಕೊಡೇ ಇಲ್ಲಿ," ಎಂದು ಮಗಳ ತಲೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವಳ ಕೈಯಲ್ಲಿ ಜಡೆ ನೋಡನೋಡುತ್ತಲೇ ಮುಗಿಯಿತು. ರಿಬ್ಬನ್ ಕಟ್ಟುತ್ತಾ ಅವಳು, "ನಿನ್ನೆ ಗ್ಯಾಸ್ ಸಿಲಿಂಡರ್ ಬಂದಾಗ ಬಾಗ್ಲಿಂದ ಒಳಗಡೆಗೆ ನೀನೇ ಎಳ್ಕೊಂಡು ಬಂದ್ಯಲ್ಲ ಸುಪ್ರೀ. ಅದಕ್ಕೆ ಆಗತ್ತೆ, ಜಡೆಗೆ ಆಗಲ್ವಾ?" ಎಂದಳು.

ಚುಚ್ಚಿ ಆಡಿದ ಮಾತಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಸಿಲಿಂಡರ್ ಎಳೆದದ್ದು ಹೌದು. ಭಾವ ಮನೆಯಲ್ಲಿರಲಿಲ್ಲ, ಅಕ್ಕ ಸ್ನಾನಕ್ಕೆ ಹೋಗಿದ್ದಳು, ಎಳೆಯಬೇಕು ಅನ್ನಿಸಿತು, ಎಳೆದಳು. ಆ ಹೊತ್ತಿಗೆ ನೋವು ಎಲ್ಲೋ ಹೊರಗೆ ಹೋಗಿತ್ತು. ಅದು ಹೇಳಿ ಬರುವುದಿಲ್ಲ. ಹಾಗೆಂದು ಅಕ್ಕನಿಗೆ ಹೇಗೆ ಹೇಳುವುದು. ಹೇಳಿದರೆ ಸುಳ್ಳಿನ ಹಾಗೇ ಕೇಳುತ್ತದೆ. ಆದರೆ ಅವಳನ್ನು ಕಾಡಿದ್ದು ಅದಲ್ಲ. 'ಅದಕ್ಕೆ ಆಗತ್ತೆ, ಇದಕ್ಕೆ ಆಗಲ್ವಾ' ಎನ್ನುವ ಮಾತನ್ನು ಇದೇ ರಾಗದಲ್ಲಿ ಎಲ್ಲಿಯೋ ಮೊದಲೇ ಕೇಳಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ತಟ್ಟೆಗೆ ಹಾಕಿದ್ದ ಇಡ್ಲಿಯನ್ನು ಎಡಗೈಯಲ್ಲಿ ಮುರಿದಳು. ಮುರಿದ ಮೇಲೆ ನಾಚಿಕೆಯಾಗಿ, ಅಕ್ಕ ನೋಡಿದಳೇ ಎಂದು ನೋಡಿ, ಬಲಗೈಗೆ ಬದಲಾಯಿಸಿಕೊಂಡಳು.

ಭಾವ ಉಮಾಮಹೇಶ್ವರ ಅರ್ಧ ದಿನ ರಜೆ ಹಾಕಿದ್ದರು. ಅಂತರಿಕ್ಷ ಕೇಂದ್ರದಲ್ಲಿ ಅವರ ಕೆಲಸ. ರಜೆ ಹಾಕಿದ್ದೇನೆ ಎಂದು ಅವರೇನೂ ಹೇಳಿಕೊಳ್ಳಲಿಲ್ಲ, ಆದರೆ ಸ್ಕೂಟರ್ ತೆಗೆಯುವಾಗ ಫೋನಿನಲ್ಲಿ ಯಾರಿಗೋ, "ಸಣ್ಣ ಪರ್ಸನಲ್ ಕೆಲಸ, ಮಧ್ಯಾಹ್ನ ಬಂದ್ಬಿಡ್ತೀನಿ," ಎಂದದ್ದು ಅವಳಿಗೆ ಕೇಳಿಸಿತು. ತಾನು ಒಂದು ಸಣ್ಣ ಪರ್ಸನಲ್ ಕೆಲಸ. ಹಿಂದೆ ಕೂತು ಹಿಡಿಯನ್ನು ಬಲಗೈಯಲ್ಲಿ ಹಿಡಿಯಲಾರದೆ, ಭಾವನ ಭುಜವನ್ನು ಹಿಡಿಯುವುದಕ್ಕೂ ಆಗದೆ, ಎಡಗೈಯನ್ನು ಹಿಂದಕ್ಕೆ ತಿರುಚಿ ಸೀಟಿನ ಅಂಚನ್ನು ಹಿಡಿದುಕೊಂಡಳು. ಉಳ್ಳೂರಿನ ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಮೊಣಕಾಲು ಅವರ ಬೆನ್ನಿಗೆ ತಾಗಿ ಮೈ ಮುದುಡಿತು. ಒಂಬತ್ತನೆಯ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಕೊಚ್ಚಿಯಲ್ಲಿ ಕುರ್ಚಿ, ಫ್ಯಾನು, ಕಂಪ್ಯೂಟರ್ ಇರುವ ಕೆಲಸ ಹುಡುಕಿಕೊಟ್ಟವರು ಇವರೇ. ಈಗ ಆ ಕೆಲಸದಿಂದ ಬಂದ ರೋಗವನ್ನೂ ಇವರ ಬಾಗಿಲಿಗೇ ತಂದಿದ್ದಾಳೆ.

ಆ ಕೆಲಸ ಏನೆಂದು ಯಾರಿಗಾದರೂ ವಿವರಿಸಲು ಹೋದರೆ ಅವರ ಮುಖ ಸಪ್ಪಗಾಗುತ್ತಿತ್ತು. ಪಾಲಾರಿವಟ್ಟಂ ಜಂಕ್ಷನ್ನಿನ ಒಂದು ಕಟ್ಟಡದ ಮೇಲಿನ ಮಹಡಿ. ಕರ್ನಾಟಕದ ಜನ ಗ್ಯಾಸಿಗೆ, ಸಿಮ್ಮಿಗೆ, ಕರೆಂಟಿಗೆ ಎಂದು ಫೋನ್ ಮಾಡಿ ಆಡಿದ ಮಾತುಗಳು ಊರು ಹೆಸರಿಲ್ಲದೆ ಅಲ್ಲಿಗೆ ಬರುತ್ತಿದ್ದವು. ಕಿವಿಗೆ ಹಾಕಿಕೊಂಡು ಕೇಳಬೇಕು, ಕೇಳಿದ್ದನ್ನು ಕೆಮ್ಮು ತಡವರಿಕೆ ಸಮೇತ ಟೈಪ್ ಮಾಡಬೇಕು. ಯಂತ್ರಕ್ಕೆ ಕನ್ನಡ ಕಲಿಸುವುದಕ್ಕೆ ಎಂದು ಮೇಲ್ವಿಚಾರಕ ಮನೋಜ್ ಮೊದಲ ದಿನವೇ ಹೇಳಿದ್ದ. ಒಂದೊಂದು ಮಾತನ್ನೂ ಇಬ್ಬರು, ಒಬ್ಬರದನ್ನೊಬ್ಬರು ನೋಡದೆ ಟೈಪ್ ಮಾಡುತ್ತಾರೆ. ಎರಡನ್ನೂ ಕಂಪ್ಯೂಟರ್ ಪಕ್ಕಪಕ್ಕ ಇಟ್ಟು ನೋಡುತ್ತದೆ. ಎರಡೂ ತೀರಾ ಬೇರೆಯಾದರೆ ತಪ್ಪು. ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಆದರೆ ಇನ್ನೂ ದೊಡ್ಡ ತಪ್ಪು, ಏಕೆಂದರೆ ಇಬ್ಬರು ಮನುಷ್ಯರು ಒಂದೇ ಥರ ತಪ್ಪುವುದಿಲ್ಲ. ಕನ್ನಡಕ್ಕೆ ಅಲ್ಲಿ ಇದ್ದದ್ದು ಇಬ್ಬರೇ. ಒಬ್ಬಳು ಅವಳು. ಇನ್ನೊಬ್ಬರು ಕಾಸರಗೋಡಿನ ಕಡೆಯ ಸುಮಿತ್ರಕ್ಕ. ಬ್ಯಾಂಕಿನಲ್ಲಿರುವ ಗಂಡನಿಗೆ ವರ್ಗವಾಗಿ ಆಲುವಕ್ಕೆ ಬಂದವರು.

ಸುಮಿತ್ರಕ್ಕ ಪಕ್ಕದ ಕುರ್ಚಿಯಲ್ಲಿ ಕೂತು ಟೈಪ್ ಮಾಡುತ್ತಿದ್ದ ಮೊದಲ ವರ್ಷವೇ ಚೆಂದವಿತ್ತು. ಮೊಣಕೈಯನ್ನು ಹಕ್ಕಿಯ ರೆಕ್ಕೆಯ ಹಾಗೆ ಎತ್ತಿ, ಮಣಿಕಟ್ಟನ್ನು ಮೇಜಿನ ಅಂಚಿಗೆ ಮಡಿಸಿ, ಬೆರಳುಗಳನ್ನು ಮೇಲಿನಿಂದ ಕುಟ್ಟುವ ಹಾಗೆ ಅವರು ಟೈಪ್ ಮಾಡುತ್ತಿದ್ದರು. ಟೈಪಿಂಗ್ ಕ್ಲಾಸಿಗೆ ಹೋದವರಲ್ಲ, ತಾವಾಗಿ ಕಲಿತವರು. ಸೋಮವಾರ ಸೋಮವಾರ ಡಬ್ಬಿಯಲ್ಲಿ ಪತ್ರೊಡೆಯೋ, ಹಲಸಿನ ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆಯೋ ತಂದು, "ಹಾಸ್ಟೆಲಿನ ಆ ಸಾಂಬಾರು ತಿಂದು ತಿಂದು ನಿನ್ನ ಮುಖವೇ ಸಾಂಬಾರಿನ ಹಾಗೆ ಆಗಿದೆ ಮಾರಾಯ್ತಿ, ತಿನ್ನು," ಎನ್ನುತ್ತಿದ್ದರು. ಸುಪ್ರೀತಾ ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಅವಳನ್ನು ಮಗಾ ಎಂದು ಕರೆದವರು ಇಡೀ ಎರ್ನಾಕುಲಂನಲ್ಲಿ ಅವರೊಬ್ಬರೇ. ಆಮೇಲೆ ಅವರ ಬಲಗೈ ಮರಗಟ್ಟತೊಡಗಿತು. ಅತ್ತೆಗೆ ಹುಷಾರಿಲ್ಲ ಎಂದು ಕಾರಣ ಹೇಳಿ, ಸೋಮವಾರದ ಮೀಟಿಂಗಿಗೆ ಮಾತ್ರ ಬಂದು ಉಳಿದಂತೆ ಮನೆಯಿಂದಲೇ ಕೆಲಸ ಮಾಡುವ ಅನುಮತಿ ತೆಗೆದುಕೊಂಡರು. ಕೈಯ ವಿಷಯ ಆಫೀಸಿನಲ್ಲಿ ಹೇಳಲಿಲ್ಲ. ಗಂಡ ಕೃಷ್ಣಾನಂದರಿಗೆ ಹೇಳಿದ್ದರಂತೆ. "ಅವರು ಎಂತ ಹೇಳಿದ್ರು ಗೊತ್ತುಂಟಾ? ಕೆಲಸ ಮಾಡ್ಲಿಕ್ಕೆ ಮನಸ್ಸಿಲ್ಲದವರಿಗೆ ಬರುವ ಬೇನೆ ಅಂತೆ ಇದು," ಎಂದು ನಗುತ್ತಲೇ ಹೇಳಿದ್ದರು. ಆಮೇಲೆ ನಗು ನಿಲ್ಲಿಸಿ, "ಎರಡು ದಿನ ನನ್ನದೂ ಮಾಡಿ ಕೊಡ್ತೀಯಾ ಮಗಾ? ನನ್ನದು ಅಂತ ಇರುದು ಈ ಕೆಲಸ ಒಂದೇ. ಇದು ಬಿಟ್ರೆ ನಾನು ಮತ್ತೆ ಅಡಿಗೆ ಕೋಣೆಗೇ," ಎಂದಿದ್ದರು. ಎರಡು ದಿನ ಎಂದದ್ದು ವರ್ಷ ದಾಟಿತು.

ಹಗಲು ಆಫೀಸಿನಲ್ಲಿ ಸುಪ್ರೀತಾಳಾಗಿ ಟೈಪ್ ಮಾಡಿದ ಮಾತುಗಳನ್ನೇ ಸಂಜೆ ಹಾಸ್ಟೆಲಿನ ಮಂಚದ ಮೇಲೆ ಸುಮಿತ್ರಕ್ಕನಾಗಿ ಮತ್ತೆ ಟೈಪ್ ಮಾಡಬೇಕಿತ್ತು. ಮೊದಮೊದಲು ಕಷ್ಟವಾಯಿತು. ನೆಟ್ಟಗೆ ಕೂತರೆ ತನ್ನದೇ ಬರವಣಿಗೆ ಬರುತ್ತಿತ್ತು. ಹುಡುಕಿ ಹುಡುಕಿ ತಪ್ಪುಗಳನ್ನು ಸೇರಿಸಬೇಕಾಗುತ್ತಿತ್ತು, ಸೇರಿಸಿದ ತಪ್ಪು ಸೇರಿಸಿದ ಹಾಗೇ ಕಾಣುತ್ತಿತ್ತು. ಒಂದು ಸಂಜೆ ತಮಾಷೆಗೆ ಮೊಣಕೈ ಎತ್ತಿ, ಮಣಿಕಟ್ಟು ಮಡಿಸಿ, ಅವರ ಹಾಗೆ ಕುಟ್ಟಿ ನೋಡಿದಳು. ಸುಮಿತ್ರಕ್ಕನ ತಪ್ಪುಗಳು ತಾವಾಗಿಯೇ ಬಂದವು. ಅವರು ಬಿಡುವ ದೀರ್ಘಗಳು, ಎರಡು ಸಲ ಬೀಳುವ ಖಾಲಿ ಜಾಗ, ಕೆಮ್ಮನ್ನು ಮರೆತೇ ಬಿಡುವ ಅವರ ಅಭ್ಯಾಸ, ಎಲ್ಲವೂ. ಅವತ್ತು ಅವಳಿಗೆ ಆದ ಖುಷಿಯನ್ನು ನೆನೆದರೆ ಈಗ ಅಸಹ್ಯವಾಗುತ್ತದೆ. ಯಾರ ಮುಂದೆಯೂ ತಪ್ಪಬಾರದೆಂದು ಹೆದರಿ ಬದುಕುವವಳಿಗೆ ಬೇರೆಯವರ ಹೆಸರಿನಲ್ಲಿ ಧಾರಾಳವಾಗಿ ತಪ್ಪುವುದು ಒಂದು ಬಗೆಯ ಬಿಡುಗಡೆಯಾಗಿತ್ತು. ಯಾವುದೋ ಊರಿನ ಮುದುಕಿಯೊಬ್ಬಳು ಗ್ಯಾಸ್ ಕಂಪನಿಯ ಹುಡುಗಿಗೆ, "ಊಟ ಆಯ್ತೇನವ್ವಾ?" ಎಂದು ಕೇಳುತ್ತಾಳೆ. ಹಗಲು ಅದನ್ನು ಹುಷಾರಾಗಿ ಟೈಪ್ ಮಾಡಿದ್ದಳು. ಸಂಜೆ ರೆಕ್ಕೆ ಎತ್ತಿಕೊಂಡು, ಆ ಪ್ರಶ್ನೆ ತನಗೇ ಕೇಳಿದ್ದೆಂಬಂತೆ ಟೈಪ್ ಮಾಡಿದ್ದಳು. ಇಬ್ಬರ ಬರವಣಿಗೆಯೂ ಹೊಂದುತ್ತದೆ, ಆದರೆ ಬೇರೆಬೇರೆಯಾಗಿಯೇ ಇದೆ ಎಂದು ಮನೋಜನಿಗೆ ಬಹಳ ಸಂತೋಷವಾಗಿ, ಅವರಿಬ್ಬರ ಫೋಟೋವನ್ನು ಗೋಡೆಗೆ ಅಂಟಿಸಿ, ಎಲ್ಲ ಭಾಷೆಯವರೂ ಇವರನ್ನು ನೋಡಿ ಕಲಿಯಬೇಕು ಎಂದಿದ್ದ. ಫೋಟೋದಲ್ಲಿ ಸುಮಿತ್ರಕ್ಕ ಕೈ ಕಟ್ಟಿಕೊಂಡು ನಿಂತಿದ್ದಾರೆ. ಅವಳು ನೆಲ ನೋಡುತ್ತಿದ್ದಾಳೆ.

ಸ್ಕೂಟರ್ ನಿಂತಿತು. ಭಾವ, "ಇಳ್ಕೊಳಮ್ಮ," ಎಂದರು. ಕ್ಲಿನಿಕ್ಕಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಗೋಡೆಯ ಮೇಲೆ ಬೆನ್ನೆಲುಬಿನ ಚಿತ್ರ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡ ಒಬ್ಬ ಮುದುಕರು, ಕುತ್ತಿಗೆಗೆ ಕಾಲರ್ ಹಾಕಿಕೊಂಡ ಒಬ್ಬ ಹೆಂಗಸು. ಎಲ್ಲರ ನೋವೂ ಹೊರಗೆ ಕಾಣುವಂಥದು. ಅವಳಿಗೆ ತನ್ನ ಕೈ ತೀರಾ ನೆಟ್ಟಗಿದೆ ಅನ್ನಿಸಿ, ದುಪಟ್ಟಾದ ಕೆಳಗೆ ಅಡಗಿಸಿಕೊಂಡಳು. ಭಾವ ರಿಪೋರ್ಟಿನ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಿನ್ನೆ ಬೇರೊಂದು ಕಡೆ ಸೂಜಿ ಚುಚ್ಚಿ, ಕರೆಂಟು ಹಾಯಿಸಿ ಪರೀಕ್ಷೆ ಮಾಡಿದ್ದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದು ಬಂದಿತ್ತು. ಥೈರಾಯಿಡ್, ಸಕ್ಕರೆ ಎಲ್ಲ ಸರಿಯಾಗಿತ್ತು. ಹಾಗಾದರೆ ಯಾತರಿಂದ ಎನ್ನುವುದೇ ಉಳಿದ ಪ್ರಶ್ನೆ. ಆ ಪ್ರಶ್ನೆಗೇ ಮನೋಜ್ ಅವಳ ಕೆಲಸವನ್ನು ಗಂಟು ಹಾಕಿದ್ದ. ಕೆಲಸದಿಂದಲೇ ಬಂದ ನೋವು ಎಂದು ವೈದ್ಯರು ಬರೆದುಕೊಟ್ಟರೆ, ಗುಣವಾಗುವ ತನಕ ಟೈಪಿಂಗ್ ಇಲ್ಲದೆ ಬರೀ ಕೇಳಿ ತಿದ್ದುವ ಕೆಲಸ ಕೊಡುತ್ತಾರೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಅವಳ ಜಾಗಕ್ಕೆ ಬೇರೆಯವರು. ಅವನು ಕೆಟ್ಟವನಲ್ಲ. ಕಂಪ್ಯೂಟರ್ ತಿರುಗಿಸಿ ತೋರಿಸಿ, ಈ ಮಹಡಿಯಲ್ಲೇ ನಿನ್ನ ಹೆಸರಿನ ಮುಂದೆ ಇರುವ ಕೆಲಸ ಕಡಿಮೆ, ಮಲಯಾಳದವರು ಇದರ ಎರಡರಷ್ಟು ಮಾಡಿಯೂ ಆರಾಮಾಗಿದ್ದಾರೆ, ನಿನಗೊಬ್ಬಳಿಗೇ ಹೇಗೆ ನೋವು ಎಂದು ಮೆಲ್ಲಗೆ ಕೇಳಿದ್ದ. ಸುತ್ತಲಿನ ಕೀಬೋರ್ಡುಗಳ ಸದ್ದು ಒಂದು ಕ್ಷಣ ನಿಂತ ಹಾಗಾಗಿತ್ತು. ಅವಳಿಗೆ ಉತ್ತರ ಗೊತ್ತಿತ್ತು. ಉಳಿದರ್ಧ ಬೇರೆ ಹೆಸರಿನ ಮುಂದೆ ಇತ್ತು.

ಫೋನ್ ನಡುಗಿತು. ಸುಮಿತ್ರಕ್ಕ. ಭಾವ ಪಕ್ಕದಲ್ಲೇ ಇದ್ದದ್ದರಿಂದ ಅವಳು ಎದ್ದು ಬಾಗಿಲ ಹತ್ತಿರ ಹೋದಳು.

"ಎಂತ, ಡಾಕ್ಟ್ರು ನೋಡಿ ಆಯ್ತಾ?"

"ಇನ್ನೂ ಇಲ್ಲ ಅಕ್ಕ. ಕೂತಿದೀವಿ."

"ಕೇಳಿದ್ರೆ ಎಂತ ಹೇಳ್ತಿ?"

"ಗೊತ್ತಿಲ್ಲ."

ಆ ಕಡೆ ಕುಕ್ಕರ್ ಕೂಗಿತು. "ಹೇಳ್ಬೇಡ ಅಂತ ನಾನು ಹೇಳುದಿಲ್ಲ," ಎಂದರು ಸುಮಿತ್ರಕ್ಕ. "ಹೇಳಿದ್ರೆ ನನ್ನದು ಮುಗೀತು, ಅಷ್ಟೆ. ಅದು ನಿಂಗೂ ಗೊತ್ತುಂಟು. ನಿನ್ನ ಕೈ ಅಲ್ವಾ, ನೀನೇ ನೋಡು." ಆಮೇಲೆ ಬೇರೆಯದೇ ದನಿಯಲ್ಲಿ, "ನಿನ್ನ ಸ್ಟೀಲ್ ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದಿ. ತೊಳೆದು ಇಟ್ಟಿದ್ದೇನೆ," ಎಂದು ಇಟ್ಟುಬಿಟ್ಟರು.

ವಾಪಸ್ಸು ಬಂದು ಕೂತಾಗ, ಬೆಳಿಗ್ಗೆ ನಿರ್ಮಲ ಆಡಿದ ಆ ಮಾತು ಮೊದಲು ಎಲ್ಲಿ ಕೇಳಿದ್ದೆಂದು ನೆನಪಾಯಿತು. ಯಾರೂ ಆಡಿದ್ದಲ್ಲ ಅದು. ಆಲುವದ ಅಡುಗೆಮನೆಯಲ್ಲಿ, ಡಬ್ಬಿ ಬಿಟ್ಟುಬಂದ ಆ ಭಾನುವಾರ, ಅವಳೇ ಮನಸ್ಸಿನಲ್ಲಿ ಆಡಿಕೊಂಡದ್ದು. ಊಟಕ್ಕೆ ಕರೆದಿದ್ದರು. ಅವಳು ಹೊಸಿಲ ಮೇಲೆ ಕೂತಿದ್ದಳು. ಸುಮಿತ್ರಕ್ಕ ಹೆರೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಅರ್ಧ ಕಾಯಿ ಅವರ ಬಲಗೈಯಲ್ಲಿ ಗಿರಗಿರ ತಿರುಗುತ್ತಿತ್ತು, ಮಣಿಕಟ್ಟು ಒಂದು ಚೂರೂ ತಡೆಯದೆ ಮೇಲೆ ಕೆಳಗೆ ಆಡುತ್ತಿತ್ತು, ಬಿಳಿಯ ತುರಿ ತಟ್ಟೆಯಲ್ಲಿ ರಾಶಿಯಾಗುತ್ತಿತ್ತು. ಆ ಹೊತ್ತಿಗಾಗಲೇ ಸುಪ್ರೀತಾಳ ಕೈ ಬಕೆಟ್ ಎತ್ತಿದರೆ ನಡುಗುತ್ತಿತ್ತು. ಅವಳು ಕಾಯಿಯನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ, ಆ ಮಣಿಕಟ್ಟನ್ನೇ ನೋಡಿದಳು. ಇದಕ್ಕೆ ಆಗುತ್ತದೆ, ಅದಕ್ಕೆ ಆಗುವುದಿಲ್ಲವಾ. ಅವತ್ತು ಸಾರಿನ ರುಚಿಯೇ ಗೊತ್ತಾಗಲಿಲ್ಲ. ಸಂಜೆ ಹಾಸ್ಟೆಲಿಗೆ ಬಂದು ಸುಮಿತ್ರಕ್ಕನ ಪಾಲು ತೆರೆದಾಗ, ಒಬ್ಬ ಗಂಡಸು ಕರೆಂಟ್ ಬಿಲ್ಲಿನ ಬಗ್ಗೆ ಉದ್ದಕ್ಕೆ ಆಡಿದ ಮಾತಿನ ನಡುವಿನ ಒಂದು ತುಂಡನ್ನು ಬೇಕೆಂದೇ ಬಿಟ್ಟಳು. ಅದು ಸುಮಿತ್ರಕ್ಕನ ತಪ್ಪಾಗಿರಲಿಲ್ಲ. ಸುಮಿತ್ರಕ್ಕ ಎಂದೂ ಮಾತಿನ ನಡುವಿಂದ ಬಿಡುವವರಲ್ಲ. ಸೋಮವಾರ ಮನೋಜ್ ಎಲ್ಲರೆದುರು ಅವರನ್ನು ನಿಲ್ಲಿಸಿಕೊಂಡು ಕೇಳಿದ. ಅವರು ಒಂದು ಸಲವೂ ಅವಳ ಕಡೆ ತಿರುಗದೆ, ಸಾರಿ ಸರ್, ಇನ್ನು ನೋಡ್ತೇನೆ ಎಂದರು. ಆಮೇಲೆ ನೀರಿನ ಡ್ರಮ್ಮಿನ ಹತ್ತಿರ ಸಿಕ್ಕಾಗ, "ಅದು ಕೈ ಅಲ್ವಾ ಮಗಾ, ತಪ್ತದೆ," ಎಂದು ಅವಳಿಗೇ ಸಮಾಧಾನ ಮಾಡಿದರು. ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದೇ ಹಾಗೆಂದರೋ. ಅವತ್ತಿನಿಂದ ಅವಳ ನೋವಿನ ಜೊತೆಗೆ ಇನ್ನೊಂದು ಸೇರಿಕೊಂಡಿತು, ಅದಕ್ಕೆ ಯಾವ ಮುಲಾಮೂ ಇರಲಿಲ್ಲ. ಆದರೂ ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಸೋಮವಾರ ತನ್ನ ಪಕ್ಕದಲ್ಲಿ ಯಾರು ಬಂದು ಕೂರುತ್ತಾರೆ.

ಒಳಗೆ ಕರೆದರು. ಡಾಕ್ಟರ್ ಬೀನಾ ದಪ್ಪ ಕನ್ನಡಕದ, ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡ ಹೆಂಗಸು. ವ್ಯಾಯಾಮ, ಶಾಖ, ಕೈ ಹಿಡಿದು ನೋಡುವುದು, ಇವೇ ಅವರ ಚಿಕಿತ್ಸೆ. ಸುಪ್ರೀತಾಳ ಎರಡೂ ಅಂಗೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಮಣಿಕಟ್ಟು ಮಡಿಸಿ ಹಿಡಿಯಲು ಹೇಳಿದರು. ಸ್ವಲ್ಪ ಹೊತ್ತಿಗೇ ಬೆರಳುಗಳಲ್ಲಿ ಇರುವೆ ಹರಿದಾಡಿ, ಆಮೇಲೆ ಇರುವೆಗಳೂ ಸತ್ತ ಹಾಗೆ ಆಯಿತು. ಹೆಬ್ಬೆರಳಿನ ಬುಡವನ್ನು ಒತ್ತಿ, ಇಲ್ಲಿ ಮಾಂಸ ಇಳಿಯುತ್ತಿದೆ, ಹೀಗೇ ಬಿಟ್ಟರೆ ಗುಂಡಿ ಹಾಕುವುದಕ್ಕೂ ಆಗುವುದಿಲ್ಲ, ಕೊನೆಗೆ ಆಪರೇಷನ್ನಿಗೇ ಹೋಗಬೇಕಾಗುತ್ತದೆ ಎಂದು ಮಲಯಾಳದಲ್ಲಿ ಹೇಳಿದರು. ದಿನಕ್ಕೆ ಎಷ್ಟು ಕೆಲಸ ಎಂದು ಕೇಳಿದಾಗ ಭಾವ ಇಂಗ್ಲಿಷಿನಲ್ಲಿ ಉತ್ತರಿಸಿದರು. ಕೆಲಸ ಬಹಳ ಇಲ್ಲ, ಆಫೀಸಿನವರೇ ಲೆಕ್ಕ ಕೊಟ್ಟಿದ್ದಾರೆ, ಅರ್ಧ ದಿನದಷ್ಟು ಟೈಪಿಂಗ್, ಉಳಿದದ್ದು ಕೇಳುವುದು. ಆಮೇಲೆ ಅವಳ ಕಡೆ ತಿರುಗಿ ಕನ್ನಡದಲ್ಲಿ, "ಇರೋದನ್ನ ಇರೋ ಹಾಗೆ ಹೇಳ್ಬಿಡಮ್ಮ, ಬೇಜಾರಿಲ್ಲ. ಮೊಬೈಲ್ ಜಾಸ್ತಿ ನೋಡ್ತೀಯಾ?" ಎಂದು ಕೇಳಿದರು.

"ಇಲ್ಲ ಭಾವ."

"ಹಾಸ್ಟೆಲ್ಲಲ್ಲಿ ಟೈಮ್ ಪಾಸಿಗೆ ಎಲ್ರೂ ನೋಡ್ತಾರಪ್ಪ. ತಪ್ಪಲ್ಲ ಅದು."

ಅವಳು ಮತ್ತೆ ಇಲ್ಲ ಎಂದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅದು ಹೌದು ಎಂದೇ ಕೇಳಿಸಿರಬೇಕು. ಭಾವ ಡಾಕ್ಟರ ಕಡೆ ನೋಡಿ ತಲೆ ಆಡಿಸಿದರು. ಡಾಕ್ಟರ್ ರಿಪೋರ್ಟನ್ನು ಇನ್ನೊಮ್ಮೆ ನೋಡಿದರು. ಇಷ್ಟು ಕೆಲಸಕ್ಕೆ ಇಷ್ಟು ನೋವು ಬರಬಾರದು. ಬಂದಿದೆ ಎಂದರೆ ಕೆಲಸದಿಂದ ಎಂದು ಬರೆಯುವುದು ಕಷ್ಟ. ಕೆಲವರ ದೇಹವೇ ಹಾಗಿರುತ್ತದೆ. ಅವರು ಕನಿಕರದಿಂದಲೇ ಹೇಳಿದರು. ಹಾಗಾದರೆ ದೇಹದ ತಪ್ಪು ಎಂದುಕೊಂಡಳು ಸುಪ್ರೀತಾ. ಅದೂ ಆಗಬಹುದಿತ್ತು. ತನ್ನ ದೇಹವನ್ನು ಮುಂದೆ ಮಾಡಿ, ತಲೆ ತಗ್ಗಿಸಿ, ತಿಂಗಳ ಕೊನೆಗೆ ಟ್ರಂಕು ಹೊತ್ತುಕೊಂಡು ಅಕ್ಕನ ಮನೆಗೆ ಬಂದು, ಬಿಚ್ಚಿಹೋಗುವ ಜಡೆ ಹೆಣೆಯುತ್ತಾ ಇದ್ದುಬಿಡಬಹುದಿತ್ತು. ಸುಮಿತ್ರಕ್ಕನ ಪಕ್ಕಕ್ಕೆ ಬೇರೊಬ್ಬ ಹುಡುಗಿ ಬರುತ್ತಾಳೆ. ಅವಳಿಗೂ ಕೊಟ್ಟಿಗೆ ತರುತ್ತಾರೆ. ಅವಳ ಕೈ ಚೆನ್ನಾಗಿರುತ್ತದೆ.

ಹೊರಡಲು ಎದ್ದವಳನ್ನು ಡಾಕ್ಟರ್ ಬೀನಾ ತಡೆದು, ಹೇಗೆ ಕೂರುತ್ತೀಯ ಎಂದಾದರೂ ನೋಡುತ್ತೇನೆ ಎಂದು ತಮ್ಮ ಮೇಜಿನ ಕಂಪ್ಯೂಟರಿನ ಮುಂದೆ ಕೂರಿಸಿದರು. ಖಾಲಿ ಪುಟ ತೆರೆದುಕೊಟ್ಟು, ಮನಸ್ಸಿಗೆ ಬಂದದ್ದನ್ನು ಟೈಪ್ ಮಾಡು, ಆಫೀಸಿನಲ್ಲಿ ಹೇಗೋ ಹಾಗೆ ಎಂದರು. ಕನ್ನಡ ಇಲ್ಲದ ಕಂಪ್ಯೂಟರ್. ಅವಳ ಬೆರಳುಗಳು ಕನ್ನಡದ ಕೀಲಿಗಳನ್ನೇ ಒತ್ತಿದವು, ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿದವು. ಯಾರಿಗೂ ಓದಲಾಗದು ಎಂದು ತಿಳಿದಾಗ ಒಂದು ಬಗೆಯ ಧೈರ್ಯ ಬಂತು. ಬೆನ್ನು ನೆಟ್ಟಗೆ, ಮಣಿಕಟ್ಟು ನೇರ, ಮೊಣಕೈ ಪಕ್ಕೆಗೆ. ಟೈಪಿಂಗ್ ಕ್ಲಾಸಿನಲ್ಲಿ ಕಲಿಸಿದ್ದ ಹಾಗೆ. ಊಟ ಆಯ್ತೇನವ್ವಾ, ಎಂದು ಟೈಪ್ ಮಾಡಿದಳು. ಇನ್ನೂ ಇಲ್ಲ, ಎಂದು ಟೈಪ್ ಮಾಡಿದಳು. ಮನಸ್ಸಿಗೆ ಬಂದದ್ದು ಬಂದ ಹಾಗೇ ಬೆರಳಿಗೆ ಇಳಿಯಲು ಬಿಟ್ಟಳು. ಯಾವಾಗ ಆಯಿತೋ ಗೊತ್ತಿಲ್ಲ, ಮೊಣಕೈಗಳು ಎದ್ದವು, ಮಣಿಕಟ್ಟು ಮೇಜಿನ ಅಂಚಿಗೆ ಮಡಿಸಿಕೊಂಡಿತು, ಬೆರಳುಗಳು ಮೇಲಿನಿಂದ ಕುಟ್ಟತೊಡಗಿದವು. ವೇಗ ಹೆಚ್ಚಿತು. ಕೆಮ್ಮನ್ನು ಬಿಟ್ಟಳು, ದೀರ್ಘವನ್ನು ಬಿಟ್ಟಳು. ಕಿಟಕಿಯಾಚೆ ಬಸ್ಸೊಂದು ಹಾರ್ನ್ ಮಾಡುತ್ತಾ ಹೋಯಿತು. ಅವಳ ಭುಜದ ಮೇಲೆ ಒಂದು ಕೈ ಬಿತ್ತು.

"ನಿಲ್ಲು," ಎಂದರು ಡಾಕ್ಟರ್ ಮಲಯಾಳದಲ್ಲಿ. ಅವರು ಕನ್ನಡಕ ತೆಗೆದಿದ್ದರು. "ಮೊದಲು ಒಂದು ಥರ ಮಾಡಿದೆ. ಅದರಲ್ಲಿ ಏನೂ ದೋಷ ಇಲ್ಲ. ಆಮೇಲೆ ಮಾಡಿದ್ದು ಬೇರೆ ಥರ. ಅದು ಯಾರು ಕಲಿಸಿದ್ದು?"

ಅವಳು ತನ್ನ ಕೈಗಳನ್ನು ನೋಡಿದಳು. ಅವು ಇನ್ನೂ ಮಡಿಸಿಕೊಂಡೇ ಇದ್ದವು, ಬೇರೆಯವರ ಮನೆಯಲ್ಲಿ ಸಿಕ್ಕಿಬಿದ್ದವರ ಹಾಗೆ. ಯಾರೂ ಕಲಿಸಲಿಲ್ಲ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಅವಳು ಬಾಯಿ ತೆರೆದಾಗ ಬಂದದ್ದು ಕನ್ನಡ. "ಅದು ಸುಮಿತ್ರಕ್ಕನ ಕೈ." ಡಾಕ್ಟರ್ ಭಾವನ ಕಡೆ ನೋಡಿದರು. ಭಾವ ಅನುವಾದ ಮಾಡಲಿಲ್ಲ. ಆಗ ಅವಳೇ, ತನಗೆ ಬರುವಷ್ಟು ಮಲಯಾಳದಲ್ಲಿ, ತಡವರಿಸುತ್ತಾ ಹೇಳಿದಳು. "ರಂಡು ಪೇರುಡೆ ಜೋಲಿ. ಞಾನ್ ಒಟ್ಟಯ್ಕ್." ಇಬ್ಬರ ಕೆಲಸ, ನಾನೊಬ್ಬಳೇ. ಹಗಲು ನನ್ನದು, ಸಂಜೆ ಅವರದು. ವರ್ಷದ ಮೇಲಾಯಿತು. ಅವರ ಹಾಗೆ ಕೂತರೇ ಅವರ ಹಾಗೆ ಬರುತ್ತಿತ್ತು.

"ದುಡ್ಡು ಕೊಡ್ತಿದ್ರಾ ಅವ್ರು?" ಎಂದು ಕೇಳಿದರು ಭಾವ.

"ಇಲ್ಲ."

"ಮತ್ತೆ?"



ಡಾಕ್ಟರ್ ಮಾತ್ರ ಅದನ್ನೇನೂ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, ಮಡಿಸಿಕೊಂಡಿದ್ದ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ನೇರ ಮಾಡುತ್ತಾ, ಹೀಗೆ ಕೂತು ವರ್ಷಗಟ್ಟಲೆ ಟೈಪ್ ಮಾಡಿದವರು ನೋವಿಲ್ಲದೆ ಇರುವುದು ಸಾಧ್ಯವೇ ಇಲ್ಲ ಎಂದರು. ಆ ಚೇಚಿ ಈಗ ಹೇಗಿದ್ದಾರೆ, ಯಾರಿಗಾದರೂ ತೋರಿಸಿದ್ದಾರಾ, ಇಲ್ಲದಿದ್ದರೆ ಅವರನ್ನೂ ಕರೆದುಕೊಂಡು ಬಾ ಎಂದರು.

"ಅವರು ಕಾಯಿ ತುರಿಯುತ್ತಾರೆ," ಎಂದಳು ಸುಪ್ರೀತಾ. ಅದು ದೂರಿನ ಹಾಗೆ ಹೊರಬಂತು. ಚಾಡಿ ಹೇಳುವ ಮಗುವಿನ ದನಿ ಅದು.

ಡಾಕ್ಟರ್ ಬೀನಾ ನಕ್ಕರು. ತುರಿಯದೆ ಏನು ಮಾಡುತ್ತಾರೆ, ಕಾಯಿ ಇಲ್ಲದೆ ನಮ್ಮ ಕಡೆ ಅಡುಗೆ ಉಂಟೇ. ಆ ಹೊತ್ತಿಗೆ ನಡೆದುಬಿಡುತ್ತದೆ. ತುರಿದು ಆದಮೇಲೆ ಅವರ ಕೈ ನೋಡಿದ್ದೀಯಾ, ಎಂದು ಕೇಳಿದರು.

ನೋಡಿದ್ದಳು. ಈಗ ಗೊತ್ತಾಯಿತು, ನೋಡಿಯೇ ಇದ್ದಳು. ತುರಿದಾದ ಮೇಲೆ ಸುಮಿತ್ರಕ್ಕ ಬಸಿದು ಆರಲು ಇಟ್ಟಿದ್ದ ಗಂಜಿಯ ಪಾತ್ರೆಯಲ್ಲಿ ಬಲಗೈಯನ್ನು ಮೊಣಕೈವರೆಗೆ ಮುಳುಗಿಸಿಕೊಂಡು, ಗೋಡೆಗೆ ಹಣೆ ಒತ್ತಿ, ಎಷ್ಟೋ ಹೊತ್ತು ನಿಂತಿದ್ದರು. ಗಂಜಿಯಿಂದ ಹಬೆ ಏಳುತ್ತಿತ್ತು. ಎಲ್ಲವನ್ನೂ ಮೂಲೆಯಲ್ಲಿ ಕೂತು ಗಮನಿಸುತ್ತೇನೆ ಎಂದು ತನ್ನ ಬಗ್ಗೆ ತಾನೇ ಒಳಗೊಳಗೆ ಜಂಬಪಡುತ್ತಿದ್ದವಳು, ಆ ಬೆನ್ನನ್ನು ನೋಡಿಯೂ, ಇವರಿಗೆ ಕೈ ತೊಳೆಯುವುದಕ್ಕೂ ಸೋಮಾರಿತನ ಎಂದುಕೊಂಡಿದ್ದಳು. ಇಲ್ಲಿ ಅತ್ತರೆ ಕೈನೋವಿಗೆ ಅಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ ಎಂದು ತಡೆದುಕೊಂಡಳು.

ಡಾಕ್ಟರ್ ತಲೆಯಿಂದ ಪೆನ್ನು ತೆಗೆದರು. "ಈಗ ಕೆಲಸದಿಂದಲೇ ಬಂದದ್ದು ಎಂದು ಬರೆಯಬಹುದು. ಆದರೆ ಎಷ್ಟು ಕೆಲಸ ಎನ್ನುವುದನ್ನೂ ಬರೆಯಬೇಕಾಗುತ್ತದೆ. ನಿನ್ನ ಆಫೀಸಿನವರು ಓದುತ್ತಾರೆ. ಬರೆಯಲಾ?" ಭಾವ ಏನೋ ಹೇಳಲು ಹೊರಟು, ಅವಳ ಮುಖ ನೋಡಿ ಸುಮ್ಮನಾದರು. ಮೊದಲ ಸಲ ಅವರು ಅವಳ ಉತ್ತರಕ್ಕೆ ಕಾಯುತ್ತಿದ್ದರು. ಬರೆಯದಿದ್ದರೆ ಸುಮಿತ್ರಕ್ಕನ ಕೆಲಸ ಉಳಿಯುತ್ತದೆ, ನೋಯುವ ಆ ಕೈಯ ಮೇಲೆ, ಇಲ್ಲವೇ ಇನ್ನೊಬ್ಬ ಹುಡುಗಿಯ ಕೈಯ ಮೇಲೆ. ಬರೆದರೆ ಅವರು ಅಡುಗೆ ಕೋಣೆಗೆ. ತನಗೂ ಕೇಳುವ ಕೆಲಸ ಕೊಡುತ್ತಾರೆಂದು ಏನು ಖಾತರಿ, ಮೋಸ ಮಾಡಿದವಳಲ್ಲವೇ ತಾನೂ. ಯಾವ ಕಡೆಯಿಂದ ನೋಡಿದರೂ ಒಳ್ಳೆಯವಳಾಗಿ ಹೊರಬರುವ ದಾರಿ ಕಾಣಲಿಲ್ಲ. "ಬರೆಯಿರಿ," ಎಂದಳು.

ಭಾವ ಸ್ಕೂಟರ್ ತರಲು ಹೋದರು. ಹೋಗುವ ಮೊದಲು, "ಅಕ್ಕಂಗೆ ನಾನು ಹೇಳ್ತೀನಿ, ನೀನೇನೂ ಯೋಚ್ನೆ ಮಾಡ್ಬೇಡ," ಎಂದು ಬೇರೆಲ್ಲೋ ನೋಡುತ್ತಾ ಹೇಳಿದ್ದರು. ಅವಳು ಗೇಟಿನ ಹತ್ತಿರ ಮರದ ನೆರಳಿನಲ್ಲಿ ನಿಂತು, ಎಡಗೈಯಿಂದ ನಂಬರ್ ಒತ್ತಿದಳು. ಮನೋಜನಿಂದ ಗೊತ್ತಾಗುವ ಮೊದಲು ತಾನೇ ಹೇಳಬೇಕು ಎನ್ನುವುದೊಂದೇ ಅವಳಿಗೆ ಸ್ಪಷ್ಟವಿದ್ದದ್ದು. ಸುಮಿತ್ರಕ್ಕ ತಕ್ಷಣ ಎತ್ತಿದರು.

"ಅಕ್ಕ, ಹೇಳ್ಬಿಟ್ಟೆ."

ಬೈಯಲಿ ಎಂದು ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಹೌದಾ," ಎಂದರು ಸುಮಿತ್ರಕ್ಕ ಕೊನೆಗೆ. "ಹಾಗಾದ್ರೆ ನನ್ನ ಕೆಲಸ ಹೋಯ್ತಲ್ಲ ಮಗಾ." ಕೋಪ ಇರಲಿಲ್ಲ, ಮಳೆ ಬಂತಲ್ಲ ಎನ್ನುವ ಹಾಗೆ ಹೇಳಿದ್ದರು. ಸುಪ್ರೀತಾ ಕ್ಷಮೆ ಕೇಳಬೇಕೆಂದುಕೊಂಡಳು. ಕರೆಂಟ್ ಬಿಲ್ಲಿನ ಗಂಡಸಿನ ಮಾತನ್ನು ಬೇಕೆಂದೇ ಬಿಟ್ಟದ್ದನ್ನು ಹೇಳಬೇಕೆಂದುಕೊಂಡಳು. ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು, "ನಿಮ್ಮನ್ನೂ ಕರ್ಕೊಂಡ್ ಬಾ ಅಂದ್ರು ಡಾಕ್ಟ್ರು. ನಿಮ್ದು ತುಂಬಾ ದಿನದಿಂದ ಇರೋ ನೋವು, ನಿಜವಾಗ್ಲೂ ಇದೆ, ಇಲ್ದೇ ಇರಕ್ಕೆ ಸಾಧ್ಯನೇ ಇಲ್ಲ ಅಂದ್ರು."

ರಸ್ತೆಯಲ್ಲಿ ಭಾವನ ಸ್ಕೂಟರ್ ತಿರುಗಿ ಬರುತ್ತಿರುವುದು ಕಾಣಿಸಿತು.

"ಹಾಗೆ ಹೇಳಿದ್ರಾ?" ಎಂದರು ಸುಮಿತ್ರಕ್ಕ. ಅವರ ದನಿ ಎಲ್ಲಿಂದಲೋ ಬರುತ್ತಿತ್ತು. "ಅವರು ನನ್ನನ್ನು ನೋಡಿಯೇ ಇಲ್ವಲ್ಲ. ಅವರಿಗೆ ಹೇಗೆ ಗೊತ್ತಾಯ್ತು?"

"ನನ್ನ ಕೈ ನೋಡಿ," ಎಂದಳು ಸುಪ್ರೀತಾ.